ಎಡಗೈಯ ಮಾತು

ನಾನು ಕಿವುಡಿ. ಆ ಪದ ಹೇಳಲು ನನಗೆ ನಾಚಿಕೆಯೇನಿಲ್ಲ. ನಾಚಿಕೆಯೆಲ್ಲ ಸುತ್ತ ಇದ್ದವರದ್ದು. ಶಂಕರಪುರಂನ ನಮ್ಮ ಬೀದಿಯ ಹೆಂಗಸರು "ಪಾಪ, ಆ ಮಗೂಗೆ ಸ್ವಲ್ಪ..." ಎಂದು ಶುರುಮಾಡಿ, ತಮ್ಮ ಕಿವಿಯ ಹತ್ತಿರ ಬೆರಳಾಡಿಸಿ ಮಾತು ಮುಗಿಸುತ್ತಿದ್ದರು. ನನ್ನ ವಿಷಯ ಹೇಳಲು ಅವರಿಗೂ ಕೊನೆಗೆ ಸನ್ನೆಯೇ ಬೇಕಾಗುತ್ತಿತ್ತು. ಅದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಾನು ಮಾತ್ರ ಸನ್ನೆ ಮಾಡುವ ಹಾಗಿರಲಿಲ್ಲ. ಸನ್ನೆ ಮಾಡಿದರೆ ಮಗು ಮಾತು ಕಲಿಯುವುದಿಲ್ಲ ಎಂದು ಯಾರೋ ಡಾಕ್ಟರು ಅಮ್ಮನಿಗೆ ಹೇಳಿಬಿಟ್ಟಿದ್ದರು. ಅಮ್ಮ ಪ್ರೈಮರಿ ಶಾಲೆಯ ಟೀಚರು. ಒಂದು ಮಾತನ್ನು ನಂಬಿದಳೆಂದರೆ ಅದನ್ನು ಕೊನೆಯ ಬೆಂಚಿನವರೆಗೂ ಮುಟ್ಟಿಸದೆ ಬಿಡುವವಳಲ್ಲ. ದಿನಾ ಸಂಜೆ ನಡುಮನೆಯ ದೊಡ್ಡ ಕನ್ನಡಿಯ ಮುಂದೆ ನನ್ನನ್ನು ಕೂರಿಸಿ, ನನ್ನ ಎರಡು ಕೈಗಳನ್ನೂ ನನ್ನದೇ ತೊಡೆಯ ಕೆಳಗೆ ಇಡಿಸಿ, ಮಾತು ಕಲಿಸುತ್ತಿದ್ದಳು. ಬಾಯಿಯ ಮುಂದೆ ಹಿಡಿದ ಕಾಗದದ ಚೂರು ಅಲ್ಲಾಡಿದರೆ ಅದು 'ಪ'. ಅಲ್ಲಾಡದಿದ್ದರೆ 'ಮ'. ನನಗೆ ಕಾಗದದ ಮೇಲೆ ಸಿಟ್ಟು ಬರುತ್ತಿತ್ತು. ನಾನು ನಿಜವಾಗಿ ಕಲಿತದ್ದು ಮಾತಲ್ಲ, ತುಟಿ ಓದುವುದನ್ನು. ಅದರಲ್ಲಿ ಎಷ್ಟು ಪಳಗಿದೆನೆಂದರೆ, ಅಮ್ಮ ಗೇಟಿನಾಚೆ ನಿಂತು ಪಕ್ಕದ ಮನೆಯವರ ಹತ್ತಿರ ನನ್ನ ದೂರು ಹೇಳಿದರೂ ನನಗೆ ಮಹಡಿಯಿಂದಲೇ ಗೊತ್ತಾಗುತ್ತಿತ್ತು.

ಸನ್ನೆ ಭಾಷೆ ಸಿಕ್ಕಿದ್ದು ಕಾಲೇಜು ಮುಗಿದ ಮೇಲೆ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಪಕ್ಕದ ಉಪ್ಪಾರಪೇಟೆಯ ಒಂದು ಹೋಟೆಲಿನಲ್ಲಿ. ಭಾನುವಾರ ಸಂಜೆ ಊರಿನ ಕಿವುಡರು ಅಲ್ಲಿ ಸೇರುತ್ತಿದ್ದರು, ಯಾಕೆಂದರೆ ಎಲ್ಲ ಬಸ್ಸುಗಳೂ ಮೆಜೆಸ್ಟಿಕ್ಕಿಗೆ ಬರುತ್ತವೆ. ಒಂದೊಂದು ಕಾಫಿ ಹಿಡಿದುಕೊಂಡು ಸಂಜೆಯೆಲ್ಲ ಕೂರುತ್ತಾರೆಂದು ಸಪ್ಲೈಯರ್ ಬೈಯುತ್ತಿದ್ದ. ಬೈಗುಳ ಯಾರಿಗೂ ಕೇಳಿಸುತ್ತಿರಲಿಲ್ಲವಾದ್ದರಿಂದ ಯಾರೂ ಏಳುತ್ತಿರಲಿಲ್ಲ. ಮೊದಲ ದಿನ ನಾನು ಮೂಲೆಯಲ್ಲಿ ಕೂತು ಸುಮ್ಮನೆ ನೋಡಿದೆ. ಅಷ್ಟೊಂದು ಕೈಗಳು, ಅಷ್ಟೊಂದು ಜಗಳ, ನಗು, ಚಾಡಿ. ನನ್ನ ಕೈಗಳು ಅಭ್ಯಾಸಬಲದಿಂದ ತೊಡೆಯ ಕೆಳಗೆ ಹೋಗಿದ್ದವು. ಎದುರಿಗಿದ್ದ ಹುಡುಗಿ ಎದ್ದು ಬಂದು, ನನ್ನ ಮೊಣಕೈ ಹಿಡಿದು, ಅವನ್ನು ಹೊರಗೆಳೆದಳು.

ಆ ಹುಡುಗಿಯ ಜೊತೆಗೇ ನಾನು ಇಂದು ಬದುಕುತ್ತಿರುವುದು. ನಾನು ಹೆಂಗಸನ್ನು ಪ್ರೀತಿಸುವ ಹೆಂಗಸು. ಇದನ್ನು ಹೇಳಲೂ ನನಗೆ ನಾಚಿಕೆಯಿಲ್ಲ, ಆದರೆ ಕಿವುಡಿ ಎಂದು ಹೇಳುವುದಕ್ಕಿಂತ ಹೆಚ್ಚು ವರ್ಷ ಹಿಡಿಯಿತು.

ಅವಳು ಎಡಚಿ. ನಮ್ಮ ಭಾಷೆಯಲ್ಲಿ ಇದು ಸಣ್ಣ ವಿಷಯವಲ್ಲ. ಸನ್ನೆ ಮಾಡುವಾಗ ಒಂದು ಕೈ ಮಣೆಯ ಹಾಗೆ ನಿಂತಿರುತ್ತದೆ, ಇನ್ನೊಂದು ಲಟ್ಟಣಿಗೆಯ ಹಾಗೆ ಓಡಾಡುತ್ತದೆ. ಬಹಳ ಜನರಿಗೆ ಓಡಾಡುವ ಕೈ ಬಲಗೈ. ಅವಳಿಗೆ ಎಡಗೈ. ಕಿವಿ ಕೇಳುವವರು ಫೋನಿನಲ್ಲಿ 'ಹಲೋ' ಎಂದ ಕೂಡಲೇ ಯಾರೆಂದು ಹೇಳುತ್ತಾರಂತಲ್ಲ, ಹಾಗೆ ನಾವು ಕೈ ನೋಡಿ ಹೇಳುತ್ತೇವೆ. ಅವಳದಂತೂ ರಸ್ತೆಯ ಆಚೆ ಬದಿಯಿಂದಲೇ ಗುರುತು ಸಿಗುವ ಕೈ.

ಅವಳ ಮನೆ ತರಗುಪೇಟೆಯ ಹಿಂದೆ. ಅವಳ ತಾತ ಅಲ್ಲಿ ಬೇಳೆ ಮೂಟೆ ಹೊತ್ತವರು, ಅಪ್ಪ ಸರ್ಕಾರಿ ನೌಕರಿ ಹಿಡಿದವರು. ಅವರು ಬೌದ್ಧರು. ಅವಳೂ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ನಮ್ಮಪ್ಪ ತೀರಿಕೊಂಡ ಮೇಲೆ ನಾನು ಅಮ್ಮ ಇಬ್ಬರೇ ಇದ್ದ ಮನೆಗೆ ಅವಳನ್ನು 'ಫ್ರೆಂಡ್' ಎಂದು ಹೇಳಿ ಕರೆತಂದೆ. ಮಹಡಿಯ ರೂಮು ನಮ್ಮದಾಯಿತು. ಅಮ್ಮ ಬೇಡವೆನ್ನಲಿಲ್ಲ. ಆದರೆ ಮೊದಲ ವಾರವೇ ಅವಳು ಕಾಫಿ ಲೋಟವನ್ನು ಎಡಗೈಯಲ್ಲಿ ಚಾಚಿದಾಗ, "ಬಲಗೈಲಿ ಕೊಡಮ್ಮಾ, ಎಡಗೈಲಿ ಕೊಡಬಾರದು," ಎಂದಳು. ಆಮೇಲೆ ಅದು ದಿನದ ಮಾತಾಯಿತು. ಅವಳ ಮನೆತನ, ಅವಳು ಮಹಡಿಯ ರೂಮು ಬಿಟ್ಟು ಹೋಗದಿರುವುದು, ನಾನು ಬಂದ ಗಂಡುಗಳನ್ನೆಲ್ಲ ಒಲ್ಲೆನೆಂದದ್ದು, ಇವು ಯಾವುದನ್ನೂ ಅಮ್ಮ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲ ದೂರನ್ನೂ ಸುತ್ತಿ ಆ ಒಂದು ಎಡಗೈಯೊಳಗೆ ಇಟ್ಟಿದ್ದಳು ಎಂದು ನನಗೆ ಅನ್ನಿಸುತ್ತಿತ್ತು.

ವಿಚಿತ್ರವೆಂದರೆ ಇಬ್ಬರೂ ಜೊತೆಗೇ ಇರುತ್ತಿದ್ದರು. ಅವರೆಕಾಯಿ ಕಾಲದಲ್ಲಂತೂ ಭಾನುವಾರ ಬೆಳಗಿನಿಂದ ಅಡುಗೆಮನೆಯ ಬಾಗಿಲಲ್ಲಿ ನೆನೆಸಿದ ಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು, ಎದುರುಬದುರು ಕೂತು ಬೇಳೆ ಹಿತುಕುತ್ತಿದ್ದರು. ನಾನು ಮಹಡಿಯಲ್ಲಿ ಚಿತ್ರ ಬರೆಯುತ್ತಾ, ಈ ಇಬ್ಬರೂ ಅಷ್ಟು ಹೊತ್ತು ಏನು ಮಾಡುತ್ತಾರಪ್ಪಾ ಎಂದುಕೊಳ್ಳುತ್ತಿದ್ದೆ. ಒಬ್ಬಳಿಗೆ ಮಾತು ಕೇಳದು, ಇನ್ನೊಬ್ಬಳಿಗೆ ಸನ್ನೆ ಬಾರದು. ಬೇಳೆ ಮಾತ್ರ ಬೆಟ್ಟದಷ್ಟು ಆಗಿರುತ್ತಿತ್ತು, ವಾರವೆಲ್ಲ ಅದನ್ನೇ ತಿನ್ನುತ್ತಿದ್ದೆವು.

ಚಿತ್ರ ನನ್ನ ಹೊಟ್ಟೆಪಾಡಲ್ಲ. ಹೊಟ್ಟೆಪಾಡಿಗೆ ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ಮದುವೆ ಪತ್ರಿಕೆ ಡಿಸೈನ್ ಮಾಡುತ್ತೇನೆ. ಊರಿನವರ ಮದುವೆಯೆಲ್ಲ ನಿನ್ನ ಕೈಯಲ್ಲೇ ಆಗುತ್ತೆ, ನಿನ್ನದೊಂದು ಬಿಟ್ಟು ಎಂದು ಅವಳು ರೇಗಿಸುತ್ತಾಳೆ. ಆದರೂ ಹಟ ಹಿಡಿದು ಬರೆಯುತ್ತಾ ಬಂದಿದ್ದೆ. ಒಂದು ದಿನ ಬಸವನಗುಡಿಯಲ್ಲಿ ಸಣ್ಣ ಗ್ಯಾಲರಿ ನಡೆಸುವ ಹೆಂಗಸೊಬ್ಬರು ನನ್ನ ಕೆಲಸ ನೋಡಿ, ಒಬ್ಬಳದೇ ಪ್ರದರ್ಶನ ಮಾಡೋಣ ಎಂದರು. ಹಳೇ ಛತ್ರವೊಂದರ ಊಟದ ಹಜಾರವನ್ನು ಅವರು ಗ್ಯಾಲರಿ ಮಾಡಿದ್ದರು. ಉದ್ದಕ್ಕೆ ಎಲೆ ಹಾಕುತ್ತಿದ್ದ ಜಾಗ, ಅಷ್ಟುದ್ದದ ಗೋಡೆ. ಆ ಗೋಡೆ ನೋಡಿದ ಕೂಡಲೇ ಏನು ಬರೆಯಬೇಕೆಂದು ನನಗೆ ಗೊತ್ತಾಗಿಬಿಟ್ಟಿತು.

ಅದರ ಹಿಂದೆ ಒಂದು ಸಂಜೆಯ ಕಥೆಯಿದೆ. ಗೌರಿ ಹಬ್ಬಕ್ಕೆ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಮಲ್ಲೇಶ್ವರದಿಂದ ಬಂದಿದ್ದರು. ಅವಳು ಖುಷಿಯಲ್ಲಿ ಅರಿಶಿನ ಕುಂಕುಮದ ತಟ್ಟೆಯನ್ನು ಎಡಗೈಯಲ್ಲಿ ಅವರತ್ತ ಚಾಚಿದಳು. ದೊಡ್ಡಮ್ಮ ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಅಮ್ಮ ನೆಲ ನೋಡುತ್ತಾ ನಿಂತಳು. ಆ ಸಂಜೆ ಕರೆಂಟ್ ಬೇರೆ ಹೋಯಿತು. ಕತ್ತಲಾದರೆ ನಮಗೆ ಮಾತೂ ಹೋದ ಹಾಗೆ, ಆದ್ದರಿಂದ ಮಹಡಿಯಲ್ಲಿ ಮೊಬೈಲಿನ ಟಾರ್ಚನ್ನು ಪುಸ್ತಕಗಳಿಗೆ ಒರಗಿಸಿ, ಅದರ ಬೆಳಕಿಗೆ ಕೈ ಒಡ್ಡಿ ಮಾತಾಡುತ್ತೇವೆ. ನೀನು ನಿಮ್ಮ ಮನೆಗೆ ಹೋಗಿಬಿಡ್ತೀಯಾ ಎಂದು ಕೇಳಿದೆ. ಟಾರ್ಚಿನ ಬೆಳಕಿಗೆ ಅವಳ ಎರಡು ಕೈಗಳು ಬಂದವು. ಮುಖ ಕತ್ತಲಲ್ಲಿತ್ತು. "ನಾನೆಲ್ಲೂ ಹೋಗಲ್ಲ. ನೀನಿರೋದೇ ನನ್ನ ಮನೆ." ಕೊನೆಗೆ ಎರಡೂ ಕೈಗಳ ಬೆರಳ ತುದಿಗಳು ಮಾಡಿನ ಹಾಗೆ ಕೂಡಿಕೊಂಡವು. ಅದೇ ನಮ್ಮಲ್ಲಿ 'ಮನೆ'. ಗೋಡೆಯ ಮೇಲೆ ಅದರ ನೆರಳು ನಮ್ಮಿಬ್ಬರಿಗಿಂತ ದೊಡ್ಡದಾಗಿತ್ತು.

ಆ ಮಾತನ್ನೇ ಗೋಡೆಯುದ್ದಕ್ಕೂ ಬರೆಯಬೇಕೆಂದುಕೊಂಡೆ. ಒಂದೊಂದು ಸನ್ನೆಗೆ ಒಂದೊಂದು ಕ್ಯಾನ್ವಾಸ್, ಆಳೆತ್ತರದ್ದು. ಕಪ್ಪು ಹಿನ್ನೆಲೆ, ಬೆಳಕು ಬಿದ್ದ ಕೈಗಳು, ಮುಖವಿಲ್ಲ. ಸನ್ನೆ ಬಲ್ಲವರು ಎಡದಿಂದ ಬಲಕ್ಕೆ ನಡೆಯುತ್ತಾ ಓದಿಕೊಳ್ಳಬೇಕು.

ಆದರೆ ನನಗೆ ಹೆದರಿಕೆಯಿತ್ತು. ಎಡಗೈ ಬರೆದರೆ ಉಪ್ಪಾರಪೇಟೆಯ ಗುಂಪಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಅವರಿಗೆ ಗೊತ್ತಾದರೆ ಚಿಂತೆಯಿಲ್ಲ. ಅಮ್ಮನಿಗೂ ಗೊತ್ತಾಗುತ್ತದೆ. ದಿನಾ ತಿದ್ದಿದ ಕೈಯನ್ನು ಅವಳು ಮರೆಯುತ್ತಾಳೆಯೇ? ದೊಡ್ಡಮ್ಮ ಪಕ್ಕದಲ್ಲೇ ಇರುತ್ತಾರೆ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ನಡುಮನೆಯ ಆ ಹಳೇ ಕನ್ನಡಿಯನ್ನು ಮಹಡಿಗೆ ಹೊತ್ತು ತಂದೆ. ಅವಳನ್ನು ಅದರ ಮುಂದೆ ನಿಲ್ಲಿಸಿ, ಅವಳನ್ನು ನೋಡದೆ ಕನ್ನಡಿಯಲ್ಲಿನ ಬಿಂಬ ನೋಡಿ ಬರೆದೆ. ಕನ್ನಡಿಯಲ್ಲಿ ಎಡಗೈ ಬಲಗೈಯಾಗುತ್ತದೆ. ಯಾರಿಗೂ ಗುರುತು ಸಿಗದ, ಎಲ್ಲರ ಕೈಯಂಥದೇ ಕೈ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಎಲ್ಲ ಮುಗಿಸಿ ಸಾಲಾಗಿ ನಿಲ್ಲಿಸಿ ಅವಳನ್ನು ಕರೆದೆ. ಅವಳು ಒಂದೊಂದನ್ನೇ ನೋಡುತ್ತಾ ಹೋದಳು. ಕೊನೆಯ ಕ್ಯಾನ್ವಾಸಿನ ಮುಂದೆ ನಿಂತು, ತಿರುಗಿ, ತಣ್ಣಗೆ ಕೇಳಿದಳು: "ಇದು ಯಾರು?"

"ನೀನೇ."

"ನಾನಲ್ಲ. ನಾನು ಹೀಗೆ ಮಾತಾಡಲ್ಲ." ಆಮೇಲೆ ಅವಳ ಕೈಗಳು ಬಿರುಸಾದವು. "ಸನ್ನೆ ಮಾಡಬಾರದು ಅಂತ ನಿನ್ನ ಕೈ ತೊಡೆ ಕೆಳಗೆ ಇಡಿಸಿದರು. ಎಡಗೈಲಿ ಮಾಡಿದ್ದಕ್ಕೆ ಸ್ಕೂಲಲ್ಲಿ ನನ್ನ ಆ ಕೈಗೆ ರಿಬ್ಬನ್ ಕಟ್ಟಿ ಕೂರಿಸಿದರು. ನಿಮ್ಮಮ್ಮ ದಿನಾ ತಿದ್ದುತ್ತಾರೆ. ಈಗ ನೀನು ಬೇರೆ ಕನ್ನಡಿ ಇಟ್ಟು ತಿದ್ದಿದ್ದೀಯಾ?"

ನಾನು ಅಮ್ಮನ ಹೆಸರು ಹೇಳಿದೆ, ದೊಡ್ಡಮ್ಮನ ಹೆಸರು ಹೇಳಿದೆ, ಎಲ್ಲರ ಮೇಲೂ ಹಾಕಿದೆ. ಅವಳು ಕೇಳುವಷ್ಟು ಕೇಳಿ ಒಂದೇ ಮಾತು ಹೇಳಿದಳು. "ಗೋಡೆ ಮೇಲೆ ಈ ಕೈ ಇದ್ದರೆ, ಅಥವಾ ಅಲ್ಲಿ ನನ್ನನ್ನ ಫ್ರೆಂಡ್ ಅಂತ ಹೇಳಿದರೆ, ನಾನು ಹೊರಗಡೆ ಫುಟ್‌ಪಾತಲ್ಲಿ ನಿಂತಿರ್ತೀನಿ. ಒಳಗೆ ಬರಲ್ಲ." ನಮ್ಮಲ್ಲಿ ಜಗಳ ಮುಗಿಸುವುದು ಸುಲಭ, ಕಣ್ಣು ಮುಚ್ಚಿಕೊಂಡರಾಯಿತು. ಅವಳು ಕಣ್ಣು ಮುಚ್ಚಿಕೊಂಡಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನಾನು ಕನ್ನಡಿ ತಂದು, ಅದರಲ್ಲಿ ನೋಡಿಯೂ, ಹುಣ್ಣು ಕಾಣದೆ ಕೂತಿದ್ದೆ. ಮಾರನೇ ದಿನವೇ ಪ್ರೆಸ್ಸಿಗೆ ರಜೆ ಹಾಕಿ ಎಲ್ಲ ಕ್ಯಾನ್ವಾಸಿಗೂ ಕಪ್ಪು ಬಳಿದೆ. ಕನ್ನಡಿಯನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದೆ. ಕ್ಯಾನ್ವಾಸಿನ ಎದುರು ಸ್ಟೂಲು ಹಾಕಿ ಕೂತೆ. ಅವಳು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದು, ಬಂದು ಎದುರಿಗೆ ನಿಂತಳು. ಈ ಸಲ ಅವಳನ್ನೇ ನೋಡಿ ಬರೆದೆ. ಹೆಬ್ಬೆರಳ ಬುಡದ ಮಚ್ಚೆ, ಈಳಿಗೆ ತಾಗಿ ಕೊಯ್ದ ಗಾಯದ ಗೆರೆ, ತೋರುಬೆರಳನ್ನು ಪೂರ್ತಿ ನೆಟ್ಟಗೆ ಮಾಡದ ಅವಳ ಸೋಮಾರಿತನ, ಎಲ್ಲ ಬರೆದೆ. ಕೈ ಓಡಿದ ಹಾಗೆ ಹೆದರಿಕೆ ಹೋಯಿತು. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ, ಇದು ಜಂಬವಲ್ಲ, ನಿಜ.

ಮಧ್ಯದಲ್ಲಿ ಒಂದು ದಿನ ಅಮ್ಮ ಕಾಫಿ ಹಿಡಿದು ಮಹಡಿಗೆ ಬಂದಳು. ಚಿತ್ರಗಳನ್ನು ನೋಡಿದಳು. ಮಂಡಿನೋವಿರುವವಳು ಅಷ್ಟು ಹೊತ್ತು ನಿಂತೇ ನೋಡಿದಳು. "ಕನ್ನಡಿ ಯಾಕೆ ಗೋಡೆ ಕಡೆ ತಿರುಗ್ಸಿದೀಯ?" ಎಂದಳು. ಬೇಕಾಗಿಲ್ಲ ಎಂದು ತಲೆಯಾಡಿಸಿದೆ. "ಸರಿ ಬಿಡು," ಎಂದು ಖಾಲಿ ಲೋಟ ತೆಗೆದುಕೊಂಡು ಕೆಳಗೆ ಹೋದಳು.

ಪ್ರದರ್ಶನದ ದಿನ ಬಂತು. ಹಾಲ್ ತುಂಬಿತ್ತು. ಒಂದು ಕಡೆ ಉಪ್ಪಾರಪೇಟೆಯ ಗುಂಪು, ಇನ್ನೊಂದು ಕಡೆ ಕೇಳುವ ಜನ, ನನ್ನ ಕೆಲಸದ ಪ್ರೆಸ್ಸಿನವರು, ಮುಂದಿನ ಸಾಲಿನ ಕುರ್ಚಿಯಲ್ಲಿ ರೇಷ್ಮೆ ಸೀರೆಯುಟ್ಟ ಅಮ್ಮ ಮತ್ತು ದೊಡ್ಡಮ್ಮ. ಅವಳು ಬಾಗಿಲ ಹತ್ತಿರ ನಿಂತಿದ್ದಳು. ಒಂದು ಕಾಲು ಹೊಸಿಲೊಳಗೆ, ಒಂದು ಹೊರಗೆ. ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದಳು.

ಕೇಳುವ ಜನ ಚಿತ್ರಗಳ ಮುಂದೆ "ಎಂಥ ಬೆಳಕು, ಎಂಥ ಬೆರಳು" ಎನ್ನುತ್ತಿದ್ದರು. ನಮ್ಮವರು ಗೋಡೆಯುದ್ದಕ್ಕೂ ನಡೆದು, ಕೊನೆಗೆ 'ಮನೆ' ಮುಟ್ಟಿ, ತಿರುಗಿ ಬಾಗಿಲ ಕಡೆ ಅವಳನ್ನು ನೋಡಿ ನಗುತ್ತಿದ್ದರು. ಒಬ್ಬ ಮುದುಕರು ನನ್ನ ಹತ್ತಿರ ಬಂದು, "ಇಡೀ ಗೋಡೆ ಅವಳ ದನಿಯಲ್ಲೇ ಮಾತಾಡುತ್ತಿದೆ," ಎಂದರು. ಕಿವುಡರು ಕಿವುಡಿಗೆ ಹೇಳುವ ಹೊಗಳಿಕೆಯಲ್ಲಿ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ.

ಮಾತಾಡಲು ನನ್ನನ್ನು ಕರೆದರು. ನನ್ನ ಸನ್ನೆಯನ್ನು ಬಾಯಿಮಾತಿಗೆ ತರಲು ದುಭಾಷಿಯೊಬ್ಬಳು ಪಕ್ಕದಲ್ಲಿದ್ದಳು. ನಾನು ಮೊದಲು ಕೈ ಎರಡನ್ನೂ ಎತ್ತಿ ತೋರಿಸಿದೆ. ಈ ಕೈಗಳು ಬಹಳ ವರ್ಷ ತೊಡೆಯ ಕೆಳಗಿದ್ದವು ಎಂದೆ. ಇವನ್ನು ಹೊರಗೆಳೆದವಳು ಬಾಗಿಲಲ್ಲಿ ನಿಂತಿದ್ದಾಳೆ ಎಂದೆ. ಆಮೇಲೆ ಗೋಡೆಯತ್ತ ತಿರುಗಿ ಹೇಳಿದೆ: "ಇವು ಅವಳ ಕೈ. ಅವಳು ನನ್ನ ಫ್ರೆಂಡ್ ಅಲ್ಲ. ನಾನು ಅವಳ ಜೊತೆ ಬಾಳ್ವೆ ಮಾಡುತ್ತಿದ್ದೇನೆ. ಗೋಡೆ ಮೇಲಿರುವುದು ಅವಳು ನನಗೆ ಹೇಳಿದ ಮಾತು."

ದುಭಾಷಿಯ ತುಟಿಗಳು ಅದನ್ನೆಲ್ಲ ಹೇಳಿ ಮುಗಿಸಿದ್ದನ್ನು ನೋಡಿದೆ. ಅವಳು ಬಾಗಿಲಿನಿಂದ ಒಳಗೆ ಬಂದಳು, ಎರಡೂ ಕಾಲು. ನಮ್ಮವರೆಲ್ಲ ಕೈ ಮೇಲೆತ್ತಿ ಬೆರಳು ಆಡಿಸಿದರು. ಅದು ನಮ್ಮ ಚಪ್ಪಾಳೆ. ಕೇಳುವವರ ಕಡೆ ಮಾತ್ರ ಯಾರೂ ಅಲ್ಲಾಡಲಿಲ್ಲ. ಎಲ್ಲರೂ ಮುಂದಿನ ಸಾಲು ನೋಡುತ್ತಿದ್ದರು. ದೊಡ್ಡಮ್ಮ ಅಮ್ಮನ ತೋಳು ಹಿಡಿದು ಅಲ್ಲಾಡಿಸುತ್ತಿದ್ದರು. ತುಟಿ ಓದುವುದರಲ್ಲಿ ನಾನು ಗಟ್ಟಿಗಿತ್ತಿ, ಅಮ್ಮನೇ ಕಲಿಸಿದ್ದು. "ಏನೇ ಹೇಳ್ತಿದಾಳೆ ಇವ್ಳು? ಇಷ್ಟು ಜನದ ಮುಂದೆ! ಕರ್ಕೊಂಡ್ ಹೋಗೋಣ ನಡಿಯೇ."

ಅಮ್ಮ ಎದ್ದಳು. ಹೊರಟಳು ಎಂದುಕೊಂಡೆ. ಹೋಗುವುದಾದರೆ ಹೋಗಲಿ, ನಾನು ಹೇಳಬೇಕಾದ್ದು ಹೇಳಿಯಾಯಿತು ಎಂದು ಹಲ್ಲು ಕಚ್ಚಿ ನಿಂತೆ. ಅಮ್ಮ ನೆಟ್ಟಗೆ ನಡೆದು ನನ್ನ ಪಕ್ಕಕ್ಕೆ ಬಂದಳು. ಕ್ಲಾಸಿನ ಮುಂದೆ ನಿಲ್ಲುವ ಹಾಗೆ ನಿಂತಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ಕೈ ಎತ್ತಿದಳು.

ನನ್ನ ಅಮ್ಮ ಸನ್ನೆ ಮಾಡಿದಳು. "ನಾನು. ಅಮ್ಮ." ಬಾಲವಾಡಿ ಮಗು ಪದ್ಯ ಹೇಳುವ ಹಾಗೆ ಬಿಡಿಬಿಡಿಯಾಗಿ. ನನ್ನತ್ತ ತೋರಿಸಿ, "ಇವಳು. ನನ್ನ ಮಗಳು." ಅವಳತ್ತ ತೋರಿಸಿ, "ಇವಳೂ. ನನ್ನ ಮಗಳು. ಇಬ್ಬರೂ. ಜೊತೆ."

ನನ್ನ ಕಣ್ಣು ಮಂಜಾಯಿತು, ಆದರೂ ಒಂದು ವಿಷಯ ಕಾಣದೆ ಹೋಗಲಿಲ್ಲ. ಅಮ್ಮನ ಬಲಗೈ ಮಣೆಯ ಹಾಗೆ ಸುಮ್ಮನಿತ್ತು. ಓಡಾಡುತ್ತಿದ್ದದ್ದು ಎಡಗೈ. ತೋರುಬೆರಳು ಕೂಡ ಪೂರ್ತಿ ನೆಟ್ಟಗಿರಲಿಲ್ಲ, ಅದೇ ಸೋಮಾರಿ ಬಾಗು. ಜೀವಮಾನದಲ್ಲಿ ಎಡಗೈಯಲ್ಲಿ ಒಂದು ಹೂವನ್ನೂ ಯಾರಿಗೂ ಕೊಡದ ನನ್ನ ಅಮ್ಮ, ಥೇಟ್ ಅವಳ ಹಾಗೆ ಮಾತಾಡುತ್ತಿದ್ದಳು. ಉಪ್ಪಾರಪೇಟೆಯ ಗುಂಪಿಗೂ ಅದು ತಕ್ಷಣ ಗೊತ್ತಾಗಿ, ಎಲ್ಲರೂ ಒಬ್ಬರನ್ನೊಬ್ಬರು ತಿವಿದು ನಗತೊಡಗಿದರು.

ನಾನು ಅವಳತ್ತ ತಿರುಗಿ, ಯಾವಾಗ ಎಂದು ಕೇಳಿದೆ. "ಅವರೆಬೇಳೆ," ಎಂದಳು, ಅವಳ ಕಣ್ಣೂ ತುಂಬಿತ್ತು. "ನಿನಗೆ ಹೇಳಬಾರದು ಅಂತ ಚೀಟಿ ಬರೆದು ತೋರಿಸಿದ್ದರು. ಯಾಕೆ ಕಲಿಯುತ್ತಿದ್ದಾರೆ ಅಂತ ನನಗೂ ಹೇಳಿರಲಿಲ್ಲ. ಬಲಗೈಲಿ ಮಾಡಿ ಅಂದೆ. ಒಪ್ಪಲಿಲ್ಲ. ಪಾಠ ಹೇಳೋರು ಹೇಗೆ ಮಾಡ್ತಾರೋ ಹಾಗೇ ಮಾಡಬೇಕು ಅಂದರು."

ಅಮ್ಮನದು ಇನ್ನೂ ಮುಗಿದಿರಲಿಲ್ಲ. ಗೋಡೆಯ ಕೊನೆಯ ಕ್ಯಾನ್ವಾಸಿನ ಹಾಗೆಯೇ ಎರಡೂ ಕೈಗಳ ಬೆರಳ ತುದಿಗಳನ್ನು ಕೂಡಿಸಿ ಎತ್ತಿ ಹಿಡಿದಳು. "ಒಂದೇ. ಮನೆ."

ದೊಡ್ಡಮ್ಮನಿಗೆ ಸನ್ನೆ ತಿಳಿಯಲಿಲ್ಲ. ತಿಳಿದದ್ದು ಒಂದೇ. "ಎಡಗೈಲಿ ಮಾಡ್ತಿದೀಯಲ್ಲೇ!" ಎಂದು ಅವರ ತುಟಿ ಕೂಗಿದ್ದು ಸಾಲಿನ ಆಚೆಯಿಂದಲೂ ಕಾಣಿಸಿತು.

ಅಮ್ಮ ಕೈ ಇಳಿಸದೆ ಅವರತ್ತ ತಿರುಗಿದಳು. ನನಗೂ ಕಾಣಲೆಂದು ತುಟಿ ಅಗಲಿಸಿ, ನಿಧಾನವಾಗಿ, ಹಳೇ ಕನ್ನಡಿಯ ಮುಂದೆ ಹೇಳಿಕೊಡುತ್ತಿದ್ದ ಹಾಗೆಯೇ ಹೇಳಿದಳು.

"ನಂಗೆ ಕಲಿಸ್ದೋಳು ಹೀಗೇ ಕಲಿಸಿರೋದು ಅಕ್ಕಾ. ನಂಗೆ ಇನ್ನೊಂಥರಾ ಬರಲ್ಲ."

ಆಮೇಲೆ ಬೆರಳ ಮಾಡನ್ನು ಹಾಗೇ ಹಿಡಿದುಕೊಂಡು ಅವಳ ಕಡೆ ನೋಡಿ, ಸರಿಯಾಯಿತೇ ಎಂದು ಹುಬ್ಬೇರಿಸಿ ಕೇಳಿದಳು. ಸರಿಯಾಗಿದೆ ಎಂದು ಅವಳು ಎಡಗೈಯಲ್ಲೇ ಹೇಳಿದಳು.